ಒಂಟಿ ಸೀನು

ನಮ್ಮ ಮನೆಯೊಳಗೆ ಬರುವುದು ಸುಲಭವಾಗಿತ್ತು, ಹೊರಗೆ ಹೋಗುವುದೇ ಕಷ್ಟ. ಪರದೇಶದ ಏವನ್‌ಡೇಲ್ ಬಡಾವಣೆಯ ಆ ಹಲಗೆ ಗೋಡೆಯ ಮನೆಯಲ್ಲಿ ಮುಂಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಇಕ್ಕಟ್ಟಾದ ಪ್ಯಾಸೇಜು. ಅದರ ಒಂದು ಕಡೆ ಚಪ್ಪಲಿ ಸ್ಟ್ಯಾಂಡು, ಇನ್ನೊಂದು ಕಡೆ ಹಸಿರು ಬಣ್ಣದ ಬೆಂಚು. ಬೆಂಚು ಅಂತ ನಾನು ಬರೆಯುತ್ತೇನೆ, ಅಮ್ಮ ಒಪ್ಪುವುದಿಲ್ಲ. ಅದು ಬೆಂಚೇ ಅಲ್ಲ, ಯಾರೋ ರಸ್ತೆಬದಿಗೆ ಹಾಕಿದ್ದ ಟಿವಿ ಸ್ಟ್ಯಾಂಡನ್ನು ನಿಮ್ಮಪ್ಪ ಹೊತ್ತು ತಂದಿದ್ದು, ಬಣ್ಣ ಕಂದು ಅನ್ನುತ್ತಾಳೆ. ಇರಲಿ. ಹಸಿರೋ ಕಂದೋ, ಆ ವಸ್ತುವಿನ ಮೇಲೆ ಕೂತು ನೀರು ಕುಡಿದೇ ನನ್ನ ಬಾಲ್ಯದ ಅರ್ಧ ಕಳೆದಿದೆ. ಯಾಕೆಂದರೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕರೆಯಬಾರದು, ಮರೆತ ಕೊಡೆಗಾಗಿ ಒಳಗೆ ಬಂದರೆ ಕೂತು ಒಂದು ಲೋಟ ನೀರು ಕುಡಿದೇ ಮತ್ತೆ ಹೊರಡಬೇಕು. ಹೊಸ್ತಿಲಿನ ಆಚೆ ನಿಂತವರಿಗೆ ಈಚೆಯಿಂದ ಏನನ್ನೂ ಕೊಡಬಾರದು. ಪಾರ್ಸೆಲ್ ತಂದ ಕೊರಿಯರ್‌ನವನನ್ನು ಅಮ್ಮ ಒಳಗೆ ಕರೆದೇ ಸಹಿ ಹಾಕುತ್ತಿದ್ದಳು, ಅವನು ತನ್ನ ಕೆಸರು ಬೂಟನ್ನೂ ನಮ್ಮ ಕಾರ್ಪೆಟ್ಟನ್ನೂ ನೋಡಿ ಪೇಚಾಡುತ್ತಿದ್ದ. ಇವೆಲ್ಲಕ್ಕಿಂತ ದೊಡ್ಡ ಕಟ್ಟಳೆ ಸೀನಿನದು. ಯಾರಾದರೂ ಹೊರಡುವಾಗ ಜೋಡಿ ಸೀನು ಬಂದರೆ ಬಾಧಕವಿಲ್ಲ. ಒಂಟಿ ಸೀನು ಬಂದರೆ ಹೊರಟ ಕೆಲಸ ಕೆಟ್ಟಿತು ಎಂದೇ ಲೆಕ್ಕ.

ಆ ಮನೆಯಲ್ಲಿ ಹೇ ಫೀವರ್ ಇದ್ದವಳು ನಾನೊಬ್ಬಳೇ. ಪಕ್ಕದ ಮನೆಯ ಬೇಲಿಯುದ್ದಕ್ಕೂ ಪ್ರಿವೆಟ್ ಗಿಡ, ಬೇಸಿಗೆ ಬಂತೆಂದರೆ ಅದರ ತುಂಬ ಬಿಳಿ ಹೂಗೊಂಚಲು, ಆ ಹೂವಿನ ಪುಡಿಯೆಲ್ಲ ನನ್ನ ಮೂಗಿಗೇ ವಿಳಾಸ ಬರೆಸಿಕೊಂಡು ಬರುತ್ತಿತ್ತು. ಅಪ್ಪ ಸಂದರ್ಶನಕ್ಕೆ ಹೊರಟರೆ ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಕಳಿಸುತ್ತಿದ್ದರು. ಅಮ್ಮ ಡ್ರೈವಿಂಗ್ ಟೆಸ್ಟಿಗೆ ಹೊರಟ ದಿನ ನಾನು ವಾಷಿಂಗ್ ಮಷೀನಿನ ಮೇಲೆ ಕೂತು, ಮೂಗು ಹಿಡಿದುಕೊಂಡು, ಕಾರು ಹೋದ ಸದ್ದಿಗಾಗಿ ಕಾದೆ. ನನ್ನ ತಲೆ ಕೆಡಿಸುತ್ತಿದ್ದುದು ಇದು: ಅಮ್ಮ ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯ ಲ್ಯಾಬಿನಲ್ಲಿ. ದಿನವಿಡೀ ಜನರ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವವಳು. ಅಲರ್ಜಿಯೆಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಬೀದಿಯಲ್ಲೇ ಇರಲಿಲ್ಲ.

"ಅಮ್ಮಾ, ಇಟ್ಸ್ ಜಸ್ಟ್ ಪಾಲೆನ್!"

"ಪಾಲೆನ್ನೇ ಕಣೇ, ನಂಗೊತ್ತಿಲ್ವಾ? ಆದ್ರೆ ನಿಮ್ಮಪ್ಪ ಹೊರಡೋ ಹೊತ್ತಿಗೇ ಯಾಕೆ ಬರ್ಬೇಕು ಆ ಪಾಲೆನ್ನು?"

ನಾನಾಗ ಹನ್ನೊಂದರ ಹುಡುಗಿ. ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಬೈಗುಳದ ಭಾಷೆಯಲ್ಲೇ ಬರೆಯುವುದನ್ನು ಕಲಿತದ್ದು ಬಹಳ ತಡವಾಗಿ.

ಆ ಬೇಸಿಗೆಯಲ್ಲಿ ಅಪ್ಪ ಯಾರನ್ನೂ ಕೇಳದೆ ಒಬ್ಬ ರಷ್ಯನ್ ಹುಡುಗಿಯನ್ನು ಮನೆಗೆ ಕರೆತಂದರು. ಅಪ್ಪ ಮಳೆನೀರಿನ ಚರಂಡಿಗಳ ಎಂಜಿನಿಯರು. ಶನಿವಾರ ಟೆನಿಸ್ ಕ್ಲಬ್ಬಿಗೆ ಹೋಗಿ, ಆಡುವುದಕ್ಕಿಂತ ಹೆಚ್ಚಾಗಿ ಕೋರ್ಟಿನ ನೀರು ಯಾವ ಕಡೆ ಹರಿಯುತ್ತದೆಂದು ನೋಡುತ್ತಿದ್ದರು. ಸಣ್ಣ ವೃತ್ತಿಪರ ಟೂರ್ನಿ ನಡೆದಾಗ ಹೋಟೆಲಿನ ಖರ್ಚು ಭರಿಸಲಾಗದ ಆಟಗಾರರನ್ನು ಕ್ಲಬ್ಬಿನವರು ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುವ ರೂಢಿ. ಯಾರು ಇರಿಸಿಕೊಳ್ಳುತ್ತೀರಿ ಎಂದು ಕೇಳಿದಾಗ ಅಪ್ಪ ಕೈ ಎತ್ತಿದ್ದರು. ಅವಳು ಪ್ಯಾಸೇಜಿನಲ್ಲಿ, ತನ್ನಷ್ಟೇ ಎತ್ತರದ ಚೀಲ ಹೊತ್ತು ನಿಂತಿದ್ದಾಗಲೇ ಅಪ್ಪ ಅಮ್ಮನ ಜಗಳ ಅಡುಗೆಮನೆಯಲ್ಲಿ ಶುರುವಾಯಿತು.

"ರೀ, ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನಕ್ಕೇ ತಾನೆ ಕೇಳೋದು! ಏನು ತಿಂತಾಳೆ ಅವ್ಳು?"

"ಒಂದು ವಾರ ಕಣೆ. ಏನೋ ತಿಂತಾಳೆ."

ಅವಳ ಹೆಸರು ಲ್ಯೂಬಾ, ವಯಸ್ಸು ಹತ್ತೊಂಬತ್ತು. ಒಂದು ವಾರಕ್ಕೆಂದು ಬಂದವಳು ಬೇಸಿಗೆಯಿಡೀ ನಮ್ಮ ಮನೆಯಲ್ಲೇ ಇದ್ದಳು. ಅವಳ ಇಂಗ್ಲಿಷು ತುಂಡು ತುಂಡು. ಅದನ್ನು ಕನ್ನಡದಲ್ಲಿ ಬರೆಯುವಾಗ ನಾನು ಎಷ್ಟೇ ಒರಟಾಗಿಟ್ಟರೂ ಅವಳು ಇದ್ದುದಕ್ಕಿಂತ ನಯವಾಗುತ್ತಾಳೆ, ಅದಕ್ಕೆ ಏನೂ ಮಾಡಲಾಗದು. ಅವಳ ಕಷ್ಟವೇನೋ ಸರಳವಾಗಿತ್ತು. ಜಗತ್ತಿನ ವೃತ್ತಿಪರ ಆಟಗಾರ್ತಿಯರನ್ನೆಲ್ಲ ಕ್ರಮಾಂಕದಲ್ಲಿ ಜೋಡಿಸುತ್ತಾರೆ. ಅದಕ್ಕೆ ಬೇಕಾದ ಪಾಯಿಂಟುಗಳಲ್ಲಿ ಒಂದೂ ಅವಳ ಬಳಿ ಇರಲಿಲ್ಲ. ಅರ್ಹತಾ ಪಂದ್ಯಗಳನ್ನು ದಾಟಿ, ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಮೊದಲ ಪಾಯಿಂಟು. ಅವಳ ಅಪ್ಪನೇ ಅವಳ ಕೋಚು. ಅವನು ಊರಿನಲ್ಲಿ ಕೂತು ಹೇಳಿದ್ದ: ಈ ಬೇಸಿಗೆಯ ಮೂರು ಟೂರ್ನಿಗಳಲ್ಲಿ ಆ ಒಂದು ಪಾಯಿಂಟು ಬಾರದಿದ್ದರೆ ಆಟ ಬಿಟ್ಟು ವಾಪಸ್ಸು ಬಾ, ಚಿಕ್ಕಪ್ಪನ ಟೈಲ್ಸ್ ಅಂಗಡಿಯ ಆಫೀಸಿನಲ್ಲಿ ಕೂರು. ಅವಳು ಬಂದ ಮೊದಲ ಸಂಜೆಯೇ ಈ ವಿಷಯ ಊಟದ ಮೇಜಿನಲ್ಲಿ ಹೊರಬಿತ್ತು. ಟೈಲ್ಸ್ ಅನ್ನುವಾಗ ಅವಳು ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ, ಒಂದರ ಪಕ್ಕ ಒಂದು ಇಡುವಂತೆ ಸರಿಸುತ್ತ ಹೋದಳು. ಅಮ್ಮ ಹುಳಿಯ ಪಾತ್ರೆಯನ್ನು ಅವಳ ಕೈಗೆ ಸಿಗದಂತೆ ಪಕ್ಕಕ್ಕಿಟ್ಟಳು.

ಮರುದಿನ ಬೆಳಿಗ್ಗೆ ಲ್ಯೂಬಾ ನಮ್ಮ ಕಾಫಿ ನೀರಿನ ಎಲೆಕ್ಟ್ರಿಕ್ ಕೆಟಲಿನಲ್ಲಿ ಮೂರು ಮೊಟ್ಟೆ ಬೇಯಿಸಿದಳು. ಆಮೇಲೆ ನಡೆದುದನ್ನು ವಿವರಿಸುವುದಿಲ್ಲ. ಅಪ್ಪ ಹೊಸ ಕೆಟಲು ತಂದರು, ಹಳೆಯದು ಗ್ಯಾರೇಜಿಗೆ ಹೋಯಿತು, ಲ್ಯೂಬಾಳ ಮೊಟ್ಟೆಗಳೂ ಅಲ್ಲಿಗೇ ಹೋದವು. ಅವಳು ದಿನಾ ಬೆಳಿಗ್ಗೆ ಲಾನ್ ಮೂವರಿನ ಪಕ್ಕ ನಿಂತು ಮೊಟ್ಟೆ ಸುಲಿದು ತಿನ್ನುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅಮ್ಮನಿಗೆ ಅದೂ ಸಹಿಸದು, ಮನೆಗೆ ಬಂದ ಮಗು ಕಳ್ಳಿಯ ಹಾಗೆ ನಿಂತು ತಿನ್ನುತ್ತದೆಂದು ಗೊಣಗುತ್ತಿದ್ದಳು. ಹಾಗಾದರೆ ಒಳಗೆ ಕರೆ ಅಂದರೆ, ಅದು ಹೇಗೆ ಸಾಧ್ಯ ಅನ್ನುತ್ತಿದ್ದಳು. ಭಾನುವಾರದ ಸಂತೆಯಲ್ಲಿ ಮಾತ್ರ ಸ್ವಲ್ಪ ಕರಗಿದಳು. ಏವನ್‌ಡೇಲ್ ಸಂತೆಯಲ್ಲಿ ಅಮ್ಮ ಸಬ್ಬಸಿಗೆ ಸೊಪ್ಪಿನ ಕಟ್ಟಿಗೆ ಕೈ ಹಾಕಿದಾಗ ಅದೇ ಕಟ್ಟಿಗೆ ಇನ್ನೊಂದು ಕೈಯೂ ಬಂತು. ಲ್ಯೂಬಾ ಸೊಪ್ಪನ್ನು ಮೂಗಿಗೆ ಒತ್ತಿ ಕಣ್ಣು ಮುಚ್ಚಿಕೊಂಡಳು. ಅಂದು ಮಧ್ಯಾಹ್ನ ಅಮ್ಮ ಸಬ್ಬಸಿಗೆ ಹಾಕಿ ಅಕ್ಕಿರೊಟ್ಟಿ ತಟ್ಟಿದಳು, ಲ್ಯೂಬಾ ಅದೇ ಸೊಪ್ಪನ್ನು ಬೇಯಿಸಿದ ಆಲೂಗಡ್ಡೆಯ ಮೇಲೆ ಹಸಿಯಾಗಿಯೇ ಉದುರಿಸಿದಳು. ಇಬ್ಬರೂ ಒಬ್ಬರ ತಟ್ಟೆಯನ್ನೊಬ್ಬರು ಕರುಣೆಯಿಂದ ನೋಡಿಕೊಂಡರು.

ಮೊದಲ ಪಂದ್ಯದ ದಿನ ಅಪ್ಪ ಕಾರು ಹೊರತೆಗೆದರು. ಲ್ಯೂಬಾ ಚೀಲ ಹೊತ್ತು ಬಾಗಿಲವರೆಗೆ ಬಂದು, ತಟ್ಟನೆ ತಿರುಗಿ, ಆ ಬೆಂಚಿನ ಮೇಲೆ ಕೂತುಬಿಟ್ಟಳು. ನಮಗೂ ಕೂರುವಂತೆ ಸನ್ನೆ ಮಾಡಿದಳು. ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ, ನಾನು ನೆಲದ ಮೇಲೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವಳು ತೊಡೆ ತಟ್ಟಿ ಎದ್ದಳು. ತಮ್ಮಲ್ಲಿ ಪ್ರಯಾಣಕ್ಕೆ ಮೊದಲು ಹೀಗೆ ಸುಮ್ಮನೆ ಕೂರಲೇಬೇಕು, ಇಲ್ಲದಿದ್ದರೆ ಹೋದ ಕೆಲಸ ಆಗುವುದಿಲ್ಲ ಅಂದಳು. ಮರೆತದ್ದನ್ನು ತರಲು ಒಳಗೆ ಬಂದರೆ ಕನ್ನಡಿಯಲ್ಲಿ ಮುಖ ನೋಡಿಕೊಂಡೇ ಮತ್ತೆ ಹೋಗಬೇಕು ಅಂದಳು. ಹೊಸ್ತಿಲಿನ ಮೇಲೆ ಏನನ್ನೂ ಕೊಟ್ಟು ತೆಗೆದುಕೊಳ್ಳಬಾರದು ಅಂದಳು. ಅಮ್ಮ ಅವಳನ್ನು ಮೊದಲ ಸಲ ನೋಡುವಂತೆ ನೋಡಿದಳು.

"ನೋಡ್ರೀ," ಕಾರಿನತ್ತ ಕೂಗಿದಳು, "ಎಲ್ಲಿಂದ ಎಲ್ಲಿಗೋ ದೇಶ! ಅವ್ರಲ್ಲೂ ಇದೆ! ನೀವು ಮಾತ್ರ ನಗ್ತೀರ!"

"ಸರಿ, ಈಗ ಎರಡೂ ದೇಶದ್ದು ಮುಗೀತಾ? ಮೋಟರ್‌ವೇ ಜ್ಯಾಮ್ ಆಗಿರತ್ತೆ!"

ಎರಡು ನಂಬಿಕೆಗಳು ಸೇರಿದರೆ ಒಂದನ್ನೊಂದು ಕಳೆಯಬಹುದೆಂದು ನಾನು ಆಸೆಪಟ್ಟಿದ್ದೆ. ಹಾಗಾಗಲಿಲ್ಲ, ಕೂಡಿಕೊಂಡವು. ಇನ್ನುಮುಂದೆ ಕೊಡೆ ಮರೆತು ಒಳಗೆ ಬಂದವರು ಕೂತು, ನೀರು ಕುಡಿದು, ಕನ್ನಡಿ ನೋಡಿ ಹೋಗಬೇಕಾಯಿತು. ಅಮ್ಮ ಕನ್ನಡಿಯೊಂದನ್ನು ತಂದು ಚಪ್ಪಲಿ ಸ್ಟ್ಯಾಂಡಿನ ಮೇಲೆ ತೂಗುಹಾಕಿದಳು. ಅಪ್ಪ ಮೊಬೈಲು ಮರೆತರೆ ಮರೆತಂತೆ, ಅದಿಲ್ಲದೆಯೇ ಕೆಲಸಕ್ಕೆ ಹೋಗುವುದನ್ನು ಕಲಿತರು.

ಆ ಮೊದಲ ಪಂದ್ಯದ ದಿನ ಲ್ಯೂಬಾ ಹೊಸ್ತಿಲು ದಾಟುವ ಹೊತ್ತಿಗೆ ನಾನು ಸೀನಿದೆ. ಒಂದೇ ಸೀನು. ಅಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡಳು, ಆದರೆ ಕಾರು ಹೊರಟಾಗಿತ್ತು. ಲ್ಯೂಬಾ ಆ ಅರ್ಹತಾ ಪಂದ್ಯ ಸೋತು ಬಂದಳು. ಅಮ್ಮ ನನ್ನ ಕಡೆ ತಿರುಗಿ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದನ್ನು ಅವಳು ಮಾಡುತ್ತಿದ್ದ ರೀತಿ ಎಂಥದೆಂದರೆ, ನಾನು ನಾನಾಗಿಯೇ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಕೂತೆ.

ಎರಡನೆಯ ಟೂರ್ನಿ ವೆಲ್ಲಿಂಗ್ಟನ್ನಿನಲ್ಲಿ. ಅವಳು ಚಪಾತಿ ಸುರುಳಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋದಳು. ಹೊರಡುವಾಗ ನನ್ನನ್ನು ಗ್ಯಾರೇಜಿನಾಚೆ ನಿಲ್ಲಿಸಲಾಗಿತ್ತು. ಅಲ್ಲೂ ಸೋತಳು.

"ಈಗೇನಂತೀಯ?" ಅಪ್ಪ ಕೇಳಿದರು. "ಅಲ್ಲಿ ಯಾರು ಸೀನಿದ್ದು?"

"ವೆಲ್ಲಿಂಗ್ಟನ್ ಗಾಳೀಲಿ ಯಾರೋ ಒಬ್ರು ಸೀನೇ ಇರ್ತಾರೆ ಬಿಡಿ."

ಮೂರನೆಯದಕ್ಕೆ ಮೊದಲು ಒಂದು ಸಂಜೆ ಊಟದ ಮೇಜಿನಲ್ಲಿ ಲ್ಯೂಬಾ ಮೊಸರನ್ನದಲ್ಲಿ ಚಮಚ ಆಡಿಸುತ್ತ, ಈ ಸಲ ನಾನು ಅರ್ಹತಾ ಸುತ್ತು ದಾಟುತ್ತೇನೆ ಅಂದಳು. ಅದೇ ಕ್ಷಣಕ್ಕೆ ನನಗೆ ಸೀನು ಬಂತು. ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆದರೆ ಲ್ಯೂಬಾಳ ಮುಖ ಅರಳಿತು. ನನ್ನತ್ತ ಬೆರಳು ತೋರಿಸಿ, ನಿಜ, ನಿಜ ಅಂದಳು. ಅವರ ಕಡೆ, ಯಾರಾದರೂ ಮಾತಾಡುವಾಗ ಪಕ್ಕದವರು ಸೀನಿದರೆ ಆ ಮಾತು ಸತ್ಯವಾಗುತ್ತದಂತೆ.

"ಇಲ್ಲಮ್ಮ," ಅಮ್ಮ ಇಂಗ್ಲಿಷಿನಲ್ಲಿ, ರೋಗಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು, "ಒಂದು ಸೀನು ಕೆಟ್ಟದ್ದು. ಎರಡು ಒಳ್ಳೇದು."

"ಎರಡು ಏನೂ ಅಲ್ಲ ಆಂಟಿ. ಎರಡು ಅಂದರೆ ನೆಗಡಿ."

ಅಪ್ಪ ನಕ್ಕು ನಕ್ಕು ಮೊಸರನ್ನ ನೆತ್ತಿಗೇರಿಸಿಕೊಂಡರು. ಅಲ್ಲಿಯವರೆಗೆ ಹೊಸ್ತಿಲು, ಕನ್ನಡಿ, ನೀರು ಎಲ್ಲದರಲ್ಲೂ ಒಪ್ಪಿದ್ದ ಇಬ್ಬರು ನನ್ನ ಮೂಗಿನ ವಿಷಯದಲ್ಲಿ ಎದುರುಬದುರಾದರು. ಲ್ಯೂಬಾ ಆ ಸಲ ಅರ್ಹತಾ ಸುತ್ತನ್ನು ನಿಜಕ್ಕೂ ದಾಟಿದಳು. ಪ್ರತಿ ಪಂದ್ಯದ ಬೆಳಿಗ್ಗೆ ಅಮ್ಮ ನನ್ನನ್ನು ಗ್ಯಾರೇಜಿಗೆ ಅಟ್ಟುವುದು, ಲ್ಯೂಬಾ ಹುಡುಕಿಕೊಂಡು ಬಂದು ನನ್ನ ಮುಂದೆ ನಿಂತು ಗೆಲ್ಲುತ್ತೇನೆ ಅನ್ನುವುದು, ನಾನು ಸೀನುವುದು. ಹಾಗೆ ನಡೆಯಿತೆಂದು ಬರೆಯಲು ಕೈ ತವಕಿಸುತ್ತದೆ. ನಿಜವಾಗಿ ನಾನು ಪ್ರತಿ ಸಲ ಸೀನಿದೆನೇ? ಅಪ್ಪನ ಪ್ರಕಾರ ಒಂದೇ ಸಲ. ಅಮ್ಮನ ಪ್ರಕಾರ ಅವಳು ಗೆದ್ದದ್ದು ನಾನು ಗ್ಯಾರೇಜಿನಲ್ಲಿ ಇದ್ದುದರಿಂದ. ನಾನು ಗ್ಯಾರೇಜಿನಲ್ಲಿ ಇದ್ದದ್ದೂ ನಿಜ. ಅದಕ್ಕೇ ನೆನಪು ಎಷ್ಟು ಅಂದವಾಗಿ ಜೋಡಿಸಿಕೊಂಡು ಬರುತ್ತದೋ ನಾನು ಅದನ್ನು ಅಷ್ಟು ಅನುಮಾನಿಸುತ್ತೇನೆ.

ಅಂತೂ ಮುಖ್ಯ ಸುತ್ತಿನ ಪಂದ್ಯ ಬಂತು. ಇದೊಂದನ್ನು ಗೆದ್ದರೆ ಪಾಯಿಂಟು, ಸೋತರೆ ಟೈಲ್ಸು. ಕೋರ್ಟು ಬಂದರಿನ ಸೇತುವೆಯಾಚೆ, ನಗರದ ಉತ್ತರಕ್ಕೆ. ಅಪ್ಪ ರಜೆ ಹಾಕಿದ್ದರು. ಅಮ್ಮನೂ ಬರುತ್ತೇನೆಂದಳು, ಆದ್ದರಿಂದ ನಾನೂ ಹೊರಟೆ. ಕಾರಿನ ಎಂಜಿನು ಆಗಲೇ ಓಡುತ್ತಿತ್ತು. ಲ್ಯೂಬಾ ಕೂತು ಎದ್ದಳು. ಎದ್ದವಳು ಬಾಗಿಲಿಗೆ ಬೆನ್ನು ಹಾಕಿ, ನನ್ನ ಎರಡೂ ಭುಜ ಹಿಡಿದುಕೊಂಡು, "ಪುಟ್ಟಿ, ಇವತ್ತು ನಾನು ಗೆಲ್ಲುತ್ತೇನೆ" ಅಂದಳು. ಪುಟ್ಟಿ ಎನ್ನುವುದೇ ನನ್ನ ಹೆಸರೆಂದು ಅವಳು ತಿಳಿದಿದ್ದಳು. ಹೇಳಿ, ಕಾದಳು.

ಸೀನು ಬರಲಿಲ್ಲ.

"ಸದ್ಯ," ಅಂದಳು ಅಮ್ಮ. "ಬಾ, ಹೊರಡು, ಹೊರಡು."

"ಇಲ್ಲ ಆಂಟಿ. ಅವಳು ಸೀನಬೇಕು. ನಾನು ಹೇಳಿದೆ, ಅವಳು ಸೀನಲಿಲ್ಲ. ಹೀಗೆ ಹೋಗಲು ಆಗುವುದಿಲ್ಲ."

ಅವಳು ಹೊರಗೋಡಿ ಪಕ್ಕದ ಬೇಲಿಯಿಂದ ಒಂದು ಪ್ರಿವೆಟ್ ಗೊಂಚಲು ಕಿತ್ತು ತಂದಳು. ಒಳಗೆ ಬಂದವಳು ಕನ್ನಡಿ ನೋಡಿಕೊಂಡಳು, ಅದನ್ನು ಮರೆಯಲಿಲ್ಲ. ಗೊಂಚಲನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಅಮ್ಮ ನನ್ನ ಇನ್ನೊಂದು ಬದಿಗೆ ಬಂದು ನಿಂತಳು.

"ಬಂದ್ರೆ ಎರಡು ಬರ್ಲಿ ಪುಟ್ಟಿ. ಒಂದು ಬಂದ ತಕ್ಷಣ ಇನ್ನೊಂದು ತಂದ್ಕೋ. ಪ್ರಯತ್ನಪಡು."

"ಒಂದು," ಅಂದಳು ಲ್ಯೂಬಾ. "ಒಂದೇ."

ಹೊರಗಿನಿಂದ ಅಪ್ಪ ಹಾರ್ನ್ ಒತ್ತಿದರು. ನಾನು ಬಾಯಿ ತೆರೆದು, ಕಣ್ಣು ಅರೆಮುಚ್ಚಿ, ಕತ್ತು ಹಿಂದಕ್ಕೆ ಹಾಕಿ ನಿಂತಿದ್ದೆ. ಇಡೀ ಬೇಸಿಗೆ ಅನುಕ್ಷಣವೂ ಬರುತ್ತಿದ್ದದ್ದು ಈಗ ಮೂಗಿನ ಬುಡದವರೆಗೆ ಬಂದು, ತುದಿಯಲ್ಲಿ ನಿಂತು, ಹಿಂತಿರುಗಿ ಹೋಗುತ್ತಿತ್ತು. ಆ ಸ್ಥಿತಿಯಲ್ಲಿ ನಾನೆಷ್ಟು ಹೊತ್ತು ನಿಂತಿದ್ದೆನೋ. ಅಪ್ಪ ಮತ್ತೆ ಹಾರ್ನ್ ಒತ್ತಿದರು, ಆಮೇಲೆ ಎಂಜಿನ್ ಆರಿಸಿ ಒಳಗೇ ಬಂದುಬಿಟ್ಟರು. ಬಾಗಿಲಲ್ಲಿ ನಿಂತು, ಒಬ್ಬಳು ಹೂ ಹಿಡಿದಿರುವುದನ್ನೂ ಇನ್ನೊಬ್ಬಳು ನನ್ನ ಬೆನ್ನು ಸವರುತ್ತಿರುವುದನ್ನೂ ನೋಡಿದರು.

"ಏನು ನಡೀತಿದೆ ಇಲ್ಲಿ? ಪೂಜೆನಾ?"

ಆಗ ಬಂತು. ಒಂದೇ. ಲ್ಯೂಬಾ ಕೂಗಿ, ಚೀಲಕ್ಕೆ ಕೈ ಹಾಕಿದಳು. ಅಮ್ಮ ಅದೇ ಚೀಲದ ಇನ್ನೊಂದು ಪಟ್ಟಿಗೆ ಕೈ ಹಾಕಿದಳು.

"ಕೂತ್ಕೋ! ನೀರು ಕುಡಿದು ಹೋಗು! ಪುಟ್ಟಿ, ನೀರು ತಾ!"

"ಬೇಡ ಆಂಟಿ! ಈಗ ಕೂತರೆ ನಿಜ ಹೋಗುತ್ತದೆ!"

"ನಿನ್ ಒಳ್ಳೇದಕ್ಕೇ ಕಣೇ ನಾನು ಹೇಳ್ತಿರೋದು!"

"ಬಿಡೇ ಚೀಲಾನ! ಮ್ಯಾಚೇ ಮುಗ್ದುಹೋಗತ್ತೆ!" ಅಪ್ಪನ ದನಿ.

ಮೂರು ಜನ ಆ ಇಕ್ಕಟ್ಟಿನಲ್ಲಿ ರ‍್ಯಾಕೆಟ್ಟಿನ ಚೀಲವನ್ನು ಎಳೆದಾಡುತ್ತಿದ್ದರು. ನೀರಿನ ಲೋಟ ಹಿಡಿದು ಬಂದ ನಾನು ಅದನ್ನು ಕೊಡಲಿಲ್ಲ. ನಾನು ಕಿರುಚಿದೆ, ಇಂಗ್ಲಿಷಿನಲ್ಲಿ. ಅದು ಬರೀ ನನ್ನ ಮೂಗು, ಅದಕ್ಕೆ ಏನೂ ಗೊತ್ತಿಲ್ಲ, ಅದು ಟೆನಿಸ್ ನೋಡುವುದಿಲ್ಲ ಅಂದೆ. ಆಮೇಲೆ ಲ್ಯೂಬಾಳ ಕಡೆ ತಿರುಗಿ ಅಂದೆ:

"ನಿನ್ನ ಸೆಕೆಂಡ್ ಸರ್ವ್ ಸರಿಯಿಲ್ಲ. ಅದಕ್ಕೇ ನೀನು ಸೋಲೋದು. ಮೊದಲನೇದು ತಪ್ಪಿದ ಕೂಡ್ಲೇ ಬೇಲಿ ಕಡೆ ನೋಡ್ತೀಯ, ಆಮೇಲೆ ಹೆದ್ರಿಕೊಂಡು ಮೆತ್ತಗೆ ಹೊಡೀತೀಯ. ನೆಟ್‌ಗೆ ಹೋಗತ್ತೆ. ಪ್ರತಿ ಸಲ."

ಇದನ್ನು ನಾನು ಕಂಡಿದ್ದೆ. ಕ್ಲಬ್ಬಿನಲ್ಲಿ ಅವಳು ಆಡುತ್ತಿದ್ದ ಅಭ್ಯಾಸ ಪಂದ್ಯಗಳಲ್ಲಿ ಬೇಲಿಯ ಪಕ್ಕ ಮಾಡಲು ಬೇರೇನೂ ಇಲ್ಲದೆ ಕೂತವಳು ನಾನು. ಅವಳ ಬ್ಯಾಕ್‌ಹ್ಯಾಂಡ್ ಹೊಡೆತ ನೋಡಲು ಪಕ್ಕದ ಕೋರ್ಟಿನ ಹುಡುಗಿಯರೂ ನಿಲ್ಲುತ್ತಿದ್ದರು, ಅಷ್ಟು ಚೆನ್ನಾಗಿತ್ತು. ಆದರೆ ಸರ್ವ್ ಮಾಡಲು ಎರಡೇ ಅವಕಾಶ. ಎರಡನೆಯದೂ ತಪ್ಪಿದರೆ ಪಾಯಿಂಟು ಎದುರಾಳಿಗೆ. ಲ್ಯೂಬಾ ಮುಖ್ಯವಾದ ಹೊತ್ತಿನಲ್ಲೆಲ್ಲ ಅದನ್ನು ಹಾಗೆಯೇ ಕೊಟ್ಟುಬಿಡುತ್ತಿದ್ದಳು. ಅಮ್ಮ ಚೀಲದ ಪಟ್ಟಿ ಬಿಟ್ಟಳು. ಲ್ಯೂಬಾ ನನ್ನನ್ನು ನೋಡಲಿಲ್ಲ. ಅವಳು ಹೋಗಿ ಕಾರಿನಲ್ಲಿ ಕೂತಳು.

ಅಪ್ಪ ಈಗ ಹೇಳುತ್ತಾರೆ, ನೀನು ಆ ಮಾತನ್ನು ಮನೆಯಲ್ಲಿ ಹೇಳಲೇ ಇಲ್ಲ, ಸೋತಮೇಲೆ ವಾಪಸ್ಸು ಬರುವಾಗ ಕಾರಿನಲ್ಲಿ ಹೇಳಿದ್ದು ಎಂದು. ಹಾಗಿದ್ದರೆ ನಾನು ಈಗ ಬರೆದದ್ದಕ್ಕಿಂತ ಕಡಿಮೆ ಧೈರ್ಯದ, ಹೆಚ್ಚು ಕ್ರೂರಿಯಾದ ಹುಡುಗಿ. ಎರಡರಲ್ಲಿ ಯಾವುದೆಂದು ನನಗೆ ತೀರ್ಮಾನಿಸಲಾಗುತ್ತಿಲ್ಲ. ಅಮ್ಮನನ್ನು ಕೇಳಿದೆ. ಅವಳಿಗೆ ನೆನಪಿರುವುದು, ನಾನು ನೀರನ್ನು ಕಾರ್ಪೆಟ್ಟಿನ ಮೇಲೆ ಚೆಲ್ಲಿದ್ದು ಮಾತ್ರ.

ಸೇತುವೆಯ ಮೇಲೆ ವಾಹನಗಳು ಒಂದರ ಹಿಂದೊಂದು ನಿಂತಿದ್ದವು. ನಾವು ತಲುಪಿದಾಗ ಅವಳ ಹೆಸರು ಕೂಗಿಯಾಗಿತ್ತು. ರೆಫರಿ ಗೇಟಿನ ಹತ್ತಿರ ಗಡಿಯಾರ ನೋಡುತ್ತ ನಿಂತಿದ್ದರು. ಇನ್ನು ಕೊಂಚ ತಡವಾಗಿದ್ದರೆ ಆಡದೆಯೇ ಸೋಲು. ಲ್ಯೂಬಾ ಓಡಿದಳು, ಮೈ ಬೆಚ್ಚಗಾಗುವ ಮೊದಲೇ ಪಂದ್ಯ ಶುರುವಾಯಿತು, ಮೊದಲ ಸೆಟ್ಟು ನಾವು ನೆರಳಿನಲ್ಲಿ ಜಾಗ ಹುಡುಕುವಷ್ಟರಲ್ಲಿ ಹೋಯಿತು. ಎರಡನೆಯದನ್ನು ಗೆದ್ದಳು. ಆ ಸೆಟ್ಟಿನಲ್ಲಿ ಅವಳ ಬ್ಯಾಕ್‌ಹ್ಯಾಂಡ್ ಚೆಂಡು ಗೆರೆಯನ್ನು ಸವರಿ ಹೋಗುವಾಗ ಅಮ್ಮ, ಟೆನಿಸ್ಸಿನ ಅ ಆ ಇ ಈ ಅರಿಯದ ಅಮ್ಮ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ತೋಳು ಹಿಡಿದುಕೊಂಡು, ಅವಳು ನಮ್ಮನೆ ಹುಡುಗಿ ಅಂದಳು. ಮೂರನೆಯ ಸೆಟ್ಟಿನ ಕೊನೆಗೆ ಲ್ಯೂಬಾಳ ಮೊದಲ ಸರ್ವು ಹೊರಗೆ ಬಿತ್ತು. ಅವಳು ಬೇಲಿಯ ಕಡೆ ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಡುತ್ತಿದ್ದಾಳೆಂದು ಕತ್ತಿನಲ್ಲಿ ಕಾಣುತ್ತಿತ್ತು. ಜೋರಾಗಿ ಹೊಡೆದಳು. ಚೆಂಡು ನೆಟ್ಟಿನ ಮೇಲ್ಪಟ್ಟಿಗೆ ತಾಗಿ ಅವಳ ಕಡೆಗೇ ಬಿತ್ತು. ಅಲ್ಲಿಗೆ ಮುಗಿಯಿತು.

ಅಮ್ಮನ ಪ್ರಕಾರ ಸೋಲಿಗೆ ಕಾರಣ ಕುಡಿಯದ ನೀರು. ಅಪ್ಪನ ಪ್ರಕಾರ ಅಮ್ಮ. ಇಬ್ಬರೂ ಈ ಬಗ್ಗೆ ಇವತ್ತಿನವರೆಗೂ ಜಗಳವಾಡುತ್ತಾರೆ, ಪ್ರತಿ ಸಲವೂ ಹೊಸ ಹುಮ್ಮಸ್ಸಿನಿಂದ.

ಸಂಜೆ ಪ್ಯಾಸೇಜಿನ ಫೋನು ರಿಂಗಾಯಿತು. ಅವಳ ಅಪ್ಪ. ಲ್ಯೂಬಾ ಗೋಡೆಗೆ ಹಣೆ ಒತ್ತಿ ಮಾತಾಡುತ್ತಿದ್ದಳು. ನಾವು ಮೂವರೂ ಅಡುಗೆಮನೆಯಲ್ಲಿ ಬೀನ್ಸು ಸೋಸುವ ನೆಪದಲ್ಲಿ ಕಿವಿಯಾಗಿದ್ದೆವು. ನಮಗೆ ಅವರ ಭಾಷೆಯ ಒಂದೇ ಪದ ಗೊತ್ತಿತ್ತು, ನ್ಯೆತ್, ಅಂದರೆ ಇಲ್ಲ. ಮೊದಮೊದಲು ಅದು ಆ ಕಡೆಯಿಂದಲೇ ಬರುತ್ತಿತ್ತು, ರಿಸೀವರಿನಿಂದ ಹೊರಗೂ ಕೇಳುವಷ್ಟು ಜೋರಾಗಿ. ಆಮೇಲೆ ಈ ಕಡೆಯಿಂದ ಒಂದು ಬಂತು, ತೀರ ಮೆಲ್ಲಗೆ. ಸ್ವಲ್ಪ ಬಿಟ್ಟು ಇನ್ನೊಂದು. ಕೊನೆಗೆ ಫೋನು ಇಟ್ಟ ಸದ್ದು. ಯಾರು ಮೊದಲು ಇಟ್ಟರೆಂದು ಗೊತ್ತಾಗಲಿಲ್ಲ. ಅವಳು ಬಾಗಿಲಲ್ಲಿ ಬಂದು ನಿಂತಳು.

"ಆಂಟಿ, ನಾನು ಟೈಲ್ಸಿಗೆ ಹೋಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಟೂರ್ನಿ ಇದೆ, ಮೂರು ವಾರ ಬಿಟ್ಟು. ಅಲ್ಲಿಯವರೆಗೆ ಇರಲಾ?"

ಅಮ್ಮ ಬೀನ್ಸಿನ ನಾರು ಎಳೆಯುತ್ತಲೇ ಇದ್ದಳು.

"ಕೇಳ್ತಾಳಲ್ಲ ನೋಡಿ, ಬಾಡಿಗೆಯವರ ಥರ," ಎಂದು ನಮಗೆ ಕನ್ನಡದಲ್ಲಿ ಹೇಳಿ, ಆಮೇಲೆ ಅವಳತ್ತ ಇಂಗ್ಲಿಷಿನಲ್ಲಿ, "ಇರು. ಮೊಟ್ಟೆ ಗ್ಯಾರೇಜಲ್ಲೇ," ಅಂದಳು.

ಆಸ್ಟ್ರೇಲಿಯಾದ ಒಳನಾಡಿನ ಯಾವುದೋ ಊರಿನಲ್ಲಿ ಆ ಮೊದಲ ಪಾಯಿಂಟು ಅವಳಿಗೆ ಬಂತು. ಹೇಗೆ ಬಂತು, ಯಾರನ್ನು ಸೋಲಿಸಿ ಬಂತು ಎನ್ನುವುದನ್ನು ನಾನು ನೋಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ನಾನು ನೋಡಿದ್ದು ಆ ಮೂರು ವಾರ. ಸೋತ ಮರುದಿನ ಬೆಳಿಗ್ಗೆ, ಶಾಲೆಗೆ ರಜೆಯಿದ್ದ, ಮಲಗಬಹುದಾಗಿದ್ದ ಬೆಳಿಗ್ಗೆ, ಅವಳು ನನ್ನ ಹೊದಿಕೆ ಎಳೆದಳು.

"ಏಳು. ನೀನೇ ಹೇಳಿದ್ದು, ಸೆಕೆಂಡ್ ಸರ್ವ್. ಬಾ."

ನಾನು ಹೋಗಬೇಕಾಯಿತು. ಅವತ್ತೂ, ಮರುದಿನವೂ, ಅದರ ಮರುದಿನವೂ. ಬಾಯಿ ತೆರೆದದ್ದಕ್ಕೆ ಸಿಕ್ಕ ಫಲ ಅದು. ಕ್ಲಬ್ಬಿನ ತುದಿಯ ಕೋರ್ಟಿನಲ್ಲಿ ಗೆಳತಿಯರೆಲ್ಲ ಬೀಚಿಗೆ ಹೋಗುವ ಹೊತ್ತಿನಲ್ಲಿ ನಾನು ಒಂದು ಬುಟ್ಟಿ ಚೆಂಡಿನ ಜೊತೆ ನಿಂತಿರುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತ, ಕಿಸೆ ತುಂಬ ಟಿಶ್ಯೂ. ನಾನು ಒಂದು ಸೀನಿದರೂ ಎರಡು ಸೀನಿದರೂ ಅವಳು ತಿರುಗಿ ನೋಡುತ್ತಿರಲಿಲ್ಲ. ನನ್ನ ಕೆಲಸ ಬೇರೆಯಿತ್ತು. ಸರ್ವ್ ಬೀಳಬೇಕಾದ ಚೌಕದ ಮೂಲೆಯಲ್ಲಿ ನಿಂತು, ಚೆಂಡು ಒಳಗೋ ಹೊರಗೋ ಹೇಳುವುದು. ಅವರ ಊರಿನ ಮಣ್ಣಿನ ಅಂಕಣದಲ್ಲಿ ಚೆಂಡು ಬಿದ್ದಲ್ಲಿ ಗುರುತು ಮೂಡುತ್ತದಂತೆ, ಜಗಳವಾದರೆ ಹೋಗಿ ಬಗ್ಗಿ ನೋಡಬಹುದಂತೆ. ನಮ್ಮದು ಗಟ್ಟಿ ನೆಲ. ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಕಂಡ ಕೂಡಲೇ ಹೇಳಬೇಕು, ಹೇಳಿದ್ದಕ್ಕೆ ಆಮೇಲೆ ಸಾಕ್ಷಿಯಿಲ್ಲ. ಆ ಎರಡು ಪದಗಳನ್ನು ಅವಳಿಗೆ ಕನ್ನಡದಲ್ಲಿ ಕಲಿಸಿದ್ದೆ, ಅಷ್ಟಾದರೂ ಸೇಡು ತೀರಿಸಿಕೊಳ್ಳೋಣವೆಂದು.

"ಒಳಗಾ?"

"ಹೊರಗೆ."

ಅವಳು ನೆಟ್ಟಿನವರೆಗೆ ನಡೆದು ಬಂದಳು. ಆ ಸರ್ವು ಚೆನ್ನಾಗಿತ್ತು, ಅದು ಒಳಗೆ ಬಿದ್ದಿದೆ ಎಂದು ಅವಳ ಮುಖವೆಲ್ಲ ಹೇಳುತ್ತಿತ್ತು. ರ‍್ಯಾಕೆಟ್ಟಿನ ತುದಿಯಿಂದ ಗೆರೆಯನ್ನು ತೋರಿಸಿದಳು. ನಾನು ಗೆರೆಯಾಚೆ, ನನಗೆ ಕಂಡ ಜಾಗದಲ್ಲಿ, ಕಾಲಿಟ್ಟು ನಿಂತೆ. ಅವಳು ನನ್ನ ಕಾಲನ್ನೂ ಮುಖವನ್ನೂ ನೋಡಿದಳು. ನಾನು ಕದಲಲಿಲ್ಲ.

"ಹೊರಗೆ," ಅಂದಳು ಲ್ಯೂಬಾ, ಹಲ್ಲು ಕಚ್ಚಿ. ಹಿಂದಕ್ಕೆ ಹೋಗಿ ಇನ್ನೊಂದು ಚೆಂಡು ತೆಗೆದುಕೊಂಡಳು.